ಊರಹಂದಿಯ ಅಂಡಾಶಯದಲ್ಲಿ ಋತುಮಾನದ ಗುರುತು

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಗದ್ದೆಗಳಲ್ಲಿ ಕಪ್ಪೆಗಳ ಕೂಗು ಏಳುತ್ತದೆ. ತಿಂಗಳುಗಟ್ಟಲೆ ಅಂಡಾಶಯದಲ್ಲಿ ಕಾದಿದ್ದ ಅಂಡಾಣುಗಳನ್ನು ಗದ್ದೆಯ ದೊಡ್ಡ ಹೆಣ್ಣುಕಪ್ಪೆ ನೀರಿಗೆ ಬಿಟ್ಟು ಆ ವರ್ಷದ ಕೆಲಸ ಮುಗಿಸುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಸ್. ಕೆ. ಸೈದಾಪುರ ಮತ್ತು ಅವರ ಸಹೋದ್ಯೋಗಿಗಳು ಕಪ್ಪೆಗಳ ಅಂಡಾಶಯದಲ್ಲಿ ಋತುವಿನಿಂದ ಋತುವಿಗೆ ಆಗುವ ಬದಲಾವಣೆಗಳನ್ನು ದಶಕಗಳ ಕಾಲ ಅಭ್ಯಸಿಸಿದರು. ಕಪ್ಪೆಯಲ್ಲಿ ಋತುಮಾನದ ಪ್ರಭಾವ ಎದ್ದು ಕಾಣುವಂಥದು. ಅದನ್ನು ಯಾರೂ ಹುಡುಕಬೇಕಾಗಿಲ್ಲ.

ಅದೇ ಧಾರವಾಡದಿಂದ ಪಶ್ಚಿಮಕ್ಕೆ ಹೊರಟರೆ ಹಳಿಯಾಳ, ದಾಂಡೇಲಿ, ಜೊಯಿಡಾ. ದಕ್ಷಿಣಕ್ಕೆ ಹೊರಟರೆ ಮುಂಡಗೋಡ. ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಊರಂಚಿನ ಬಯಲು, ಹಳ್ಳ, ಹಿತ್ತಿಲುಗಳಲ್ಲಿ ಮೇಯುವ ಊರಹಂದಿಯ ವಿಷಯ ಹಾಗಲ್ಲ. ಅದು ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಲ್ಲದು, ಯಾವ ತಿಂಗಳಲ್ಲಾದರೂ ಮರಿ ಹಾಕಬಲ್ಲದು. ಹಾಗಾದರೆ ಹಂದಿಗೆ ಋತುಮಾನವೆಂಬುದೇ ಇಲ್ಲವೆ? ಇದೆ. ಆದರೆ ಅದು ಕೂಗಿ ಹೇಳುವುದಿಲ್ಲ. ಒಂದು ಸೂಲಿನಲ್ಲಿ ಎಂಟು ಮರಿ, ಇನ್ನೊಂದರಲ್ಲಿ ಐದು. ಒಮ್ಮೆ ಮೊಲೆ ಬಿಡಿಸಿದ ವಾರದೊಳಗೆ ಬೆದೆ, ಇನ್ನೊಮ್ಮೆ ತಿಂಗಳಾದರೂ ಸುಳಿವಿಲ್ಲ. ಸಾಕಿದವರು ಇದನ್ನು ಹಣೆಬರಹಕ್ಕೋ ತಳಿಯ ದೋಷಕ್ಕೋ ಹಚ್ಚಿ ಸುಮ್ಮನಾಗುತ್ತಾರೆ. ನಿಜವಾದ ಕಾರಣ ಬಹಳ ಸಲ ಅಂಡಾಶಯದೊಳಗೆ, ಬರಿಗಣ್ಣಿಗೆ ಕಾಣದ ಕೋಶಿಕೆಗಳಲ್ಲಿ ಇರುತ್ತದೆ.

ಭೌತಶಾಸ್ತ್ರ ಕಲಿಸುವವನಿಗೆ ಹಂದಿಯ ಅಂಡಾಶಯದಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಋತು ಎಂದರೆ ಬೆಳಕು, ಉಷ್ಣ, ಆರ್ದ್ರತೆ. ಇವು ಮೂರೂ ಭೌತಶಾಸ್ತ್ರದ ವಿಷಯಗಳೇ. ಅವು ಒಂದು ಜೀವಿಯ ದೇಹದಲ್ಲಿ ಎಲ್ಲಿ, ಹೇಗೆ ದಾಖಲಾಗುತ್ತವೆ ಎಂಬುದೇ ಈ ಲೇಖನದ ಪ್ರಶ್ನೆ.

ಪ್ರಶ್ನೆಗೆ ಅವಸರವೂ ಇದೆ. 2019ರ 20ನೆಯ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿದ್ದ ಹಂದಿಗಳು ಸುಮಾರು 90.6 ಲಕ್ಷ, 2012ರ ಗಣತಿಗಿಂತ ಶೇಕಡಾ 12ರಷ್ಟು ಕಡಿಮೆ. ಇವುಗಳಲ್ಲಿ ಸುಮಾರು 71.6 ಲಕ್ಷ ದೇಶಿ ಹಂದಿಗಳು. ನೆರೆಯ ಗೋವಾದ ‘ಅಗೋಂದಾ ಗೋವನ್’ ಹಂದಿಗೆ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ನೋಂದಣಿ ದೊರೆತು ಅದೊಂದು ತಳಿಯೆಂದು ಹೆಸರು ಪಡೆದಿದೆ. ಹೆಸರಿಲ್ಲದ ಊರಹಂದಿಯನ್ನು ಮಾತ್ರ ‘ಮರಿ ಕಡಿಮೆ ಹಾಕುತ್ತದೆ’ ಎಂಬ ಒಂದೇ ಮಾತಿನಿಂದ ಬದಿಗೆ ಸರಿಸುವುದು ಸುಲಭ. ಕಡಿಮೆ ಹಾಕುವುದು ಯಾವಾಗ, ಏಕೆ ಎಂದು ಕೇಳದೆ ಹಾಗೆ ಮಾಡುವುದು ವಿಜ್ಞಾನವಾಗದು.

ಅಂಡಾಶಯದೊಳಗೆ

ಪ್ರೌಢ ಹೆಣ್ಣು ಹಂದಿಯ ಅಂಡಾಶಯ ನೋಡಲು ಸಣ್ಣ ದ್ರಾಕ್ಷಿ ಗೊಂಚಲಿನಂತಿರುತ್ತದೆ. ಗೊಂಚಲಿನ ಒಂದೊಂದು ಗುಳ್ಳೆಯೂ ಒಂದು ಅಂಡಕೋಶಿಕೆ. ಪಶುವೈದ್ಯರು ಇದನ್ನು ಫಾಲಿಕಲ್ ಎನ್ನುತ್ತಾರೆ. ಕೋಶಿಕೆಯ ಒಳಗೆ ಒಂದು ಅಂಡಾಣು, ಅದರ ಸುತ್ತ ಪೋಷಕ ಕೋಶಗಳ ಪದರಗಳು, ಬೆಳೆದ ಮೇಲೆ ನಡುವೆ ದ್ರವ ತುಂಬಿದ ಕುಹರ.

ಹೊರಗೆ ಕಾಣುವ ಈ ಗುಳ್ಳೆಗಳು ಒಟ್ಟು ಸಂಗ್ರಹದ ಅತಿ ಚಿಕ್ಕ ಭಾಗ. ಹೆಣ್ಣು ಮರಿ ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ನಾಲ್ಕೈದು ಲಕ್ಷ ಆದಿಕೋಶಿಕೆಗಳು ಇರುತ್ತವೆ. ಒಂದೊಂದರ ವ್ಯಾಸ ಮಿಲಿಮೀಟರಿನ ನೂರರಲ್ಲಿ ಮೂರ್ನಾಲ್ಕು ಭಾಗ. ಪ್ರತಿದಿನ ಇವುಗಳಲ್ಲಿ ಕೆಲವು ನಿದ್ದೆಯಿಂದೆದ್ದು ಬೆಳೆಯತೊಡಗುತ್ತವೆ. ಪೋಷಕ ಕೋಶಗಳ ಒಂದು ಪದರವಿದ್ದರೆ ಪ್ರಾಥಮಿಕ ಕೋಶಿಕೆ, ಹಲವು ಪದರಗಳಾದರೆ ದ್ವಿತೀಯಕ, ಕುಹರ ಮೂಡಿದರೆ ಕುಹರಕೋಶಿಕೆ. ಪೂರ್ತಿ ಬೆಳೆದ ಗ್ರಾಫಿಯನ್ ಕೋಶಿಕೆಯ ವ್ಯಾಸ ಸುಮಾರು 8 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಕಾಲ. ನಿದ್ದೆಯಿಂದೆದ್ದ ಕೋಶಿಕೆಯಲ್ಲಿ ಕುಹರ ಮೂಡಲು ಸುಮಾರು 84 ದಿನಗಳು, ಅಲ್ಲಿಂದ ಅಂಡಾಣು ಹೊರಬೀಳುವ ಹಂತಕ್ಕೆ ಇನ್ನೂ 19 ದಿನಗಳು ಬೇಕೆಂದು ಅಂದಾಜು. ಒಟ್ಟು ನೂರು ದಿನಗಳೆಂದು ಇಟ್ಟುಕೊಳ್ಳೋಣ. ಎರಡನೆಯದು ನಷ್ಟ. ಹೊರಟ ಕೋಶಿಕೆಗಳಲ್ಲಿ ಬಹುಪಾಲು ದಾರಿಯಲ್ಲೇ ನಶಿಸುತ್ತವೆ. ಈ ನಾಶಕ್ಕೆ ಅಟ್ರೀಸಿಯ ಎಂದು ಹೆಸರು. ಲಕ್ಷಗಳಲ್ಲಿ ಹೊರಟು ಇಡೀ ಜೀವಮಾನದಲ್ಲಿ ಗುರಿ ಮುಟ್ಟುವವು ಕೆಲವು ನೂರು ಮಾತ್ರ.

ಹಂದಿಯ ಬೆದೆಚಕ್ರ ಸುಮಾರು 21 ದಿನಗಳದು. ಬೆದೆ ಎರಡು ಮೂರು ದಿನ ಇರುತ್ತದೆ. ಹಿಂದಿನ ಸುತ್ತಿನಲ್ಲಿ ಅಂಡಾಣು ಬಿಟ್ಟ ಕೋಶಿಕೆಗಳು ಹಳದಿಕಾಯಗಳಾಗಿ ಪ್ರೊಜೆಸ್ಟರಾನ್ ಸ್ರವಿಸುತ್ತಿರುತ್ತವೆ. ಗರ್ಭ ನಿಲ್ಲದಿದ್ದರೆ ಎರಡು ವಾರಗಳ ಬಳಿಕ ಅವು ಕುಗ್ಗುತ್ತವೆ. ಆಗ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಬೇಗ ಬೇಗ ಮಿಡಿಯತೊಡಗುತ್ತದೆ. ಹಳದಿಕಾಯ ಬಲವಾಗಿದ್ದಾಗ ಹಲವು ಗಂಟೆಗಳಿಗೊಮ್ಮೆ ಬರುತ್ತಿದ್ದ ಮಿಡಿತ ಈಗ ಹೆಚ್ಚುಕಡಿಮೆ ಗಂಟೆಗೊಂದು. ಸಂದೇಶ ಅಡಗಿರುವುದು ಹಾರ್ಮೋನಿನ ಪ್ರಮಾಣಕ್ಕಿಂತ ಹೆಚ್ಚಾಗಿ ಮಿಡಿತದ ಆವೃತ್ತಿಯಲ್ಲಿ. ಈ ಮಿಡಿತ ಸಿಕ್ಕಿದ ಕೆಲವೇ ಕೋಶಿಕೆಗಳು ಐದಾರು ದಿನಗಳಲ್ಲಿ ಉಬ್ಬಿ ಪಕ್ವವಾಗುತ್ತವೆ; ಉಳಿದವು ನಶಿಸುತ್ತವೆ. ಬೆದೆ ಶುರುವಾಗಿ ಸುಮಾರು 40 ಗಂಟೆಗಳ ಆಸುಪಾಸಿನಲ್ಲಿ ಅಂಡೋತ್ಸರ್ಗ.

ಋತು ತನ್ನ ಗುರುತು ಒತ್ತುವುದು ಬಹುಮಟ್ಟಿಗೆ ಈ ಮಿಡಿತದ ಮೇಲೆ. ಅದು ಮೂರು ದಾರಿಗಳಿಂದ ಬರಬಹುದು: ಬೆಳಕಿನಿಂದ, ಉಷ್ಣದಿಂದ, ಆಹಾರದಿಂದ.

ಬೆಳಕಿನ ಗಡಿಯಾರ

ಯುರೋಪಿನ ಕಾಡುಹಂದಿ ಚಳಿಗಾಲದ ಆರಂಭದಲ್ಲಿ ಕೂಡಿ ವಸಂತದಲ್ಲಿ ಮರಿ ಹಾಕುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಬೆದೆಯೇ ಇರುವುದಿಲ್ಲ. ಅಲ್ಲಿನ ಸಾಕುಹಂದಿಗಳಲ್ಲಿ ಬೇಸಿಗೆಯ ಕೊನೆಯಲ್ಲಿ ಗರ್ಭ ನಿಲ್ಲುವುದು ಕಡಿಮೆಯಾಗುವುದಕ್ಕೆ ಈ ಪೂರ್ವಜರ ಸ್ವಭಾವದ ಶೇಷವೂ ಒಂದು ಕಾರಣವೆನ್ನುತ್ತಾರೆ. ಇಲ್ಲಿ ಗಡಿಯಾರದ ಕೆಲಸ ಮಾಡುವುದು ಹಗಲಿನ ಅವಧಿ. ಕತ್ತಲಿರುವಷ್ಟು ಹೊತ್ತು ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸುತ್ತದೆ. ರಾತ್ರಿ ಉದ್ದವಾದಂತೆ ಮೆಲಟೋನಿನ್ ಇರುವ ಅವಧಿಯೂ ಉದ್ದ. ಮಿದುಳಿನ ಹೈಪೋಥಲಾಮಸ್ ಇದನ್ನು ಓದಿ ಎಲ್‌ಎಚ್ ಮಿಡಿತವನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ.

ಇದನ್ನು ನಮ್ಮ ಊರಹಂದಿಗೆ ಹಾಗೆಯೇ ಅನ್ವಯಿಸಬಹುದೆ? ಲೆಕ್ಕ ಹಾಕಿ ನೋಡೋಣ. ಕೋಪನ್‌ಹೇಗನ್ ನಗರ ಸುಮಾರು 55.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ 21ರ ಹಗಲು ಹದಿನೇಳೂವರೆ ಗಂಟೆ, ಡಿಸೆಂಬರ್ 21ರದು ಏಳು ಗಂಟೆ. ವ್ಯತ್ಯಾಸ ಹತ್ತು ಗಂಟೆಗೂ ಹೆಚ್ಚು. ಹಳಿಯಾಳ ಇರುವುದು 15.3 ಡಿಗ್ರಿಯಲ್ಲಿ. ಇಲ್ಲಿ ಅತಿ ಉದ್ದದ ಹಗಲು 13 ಗಂಟೆ, ಅತಿ ಚಿಕ್ಕದು 11 ಗಂಟೆ 13 ನಿಮಿಷ. ವರ್ಷವಿಡೀ ಕೂಡಿಸಿದರೂ ವ್ಯತ್ಯಾಸ ಎರಡು ಗಂಟೆಗಿಂತ ಕಡಿಮೆ. ಹಗಲು ಅತಿ ವೇಗವಾಗಿ ಬದಲಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಸಹ ದಿನಕ್ಕೆ ಒಂದು ನಿಮಿಷವೂ ಬದಲಾಗುವುದಿಲ್ಲ.

ಅಂದರೆ ಉತ್ತರದ ದೇಶಗಳಲ್ಲಿ ಗಟ್ಟಿಯಾಗಿ ಕೇಳಿಸುವ ಬೆಳಕಿನ ಸಂಕೇತ ನಮ್ಮಲ್ಲಿ ಪಿಸುಮಾತು. ಪಿಸುಮಾತು ಕೇಳಿಸುವುದೇ ಇಲ್ಲವೆಂದು ಹೇಳುವಂತಿಲ್ಲ. ಆದರೆ ಅದಕ್ಕಿಂತ ಗಟ್ಟಿಯಾದ ಎರಡು ದನಿಗಳು ಇಲ್ಲಿವೆ. ಭಾರತದ ಕಾಡುಹಂದಿ ವರ್ಷದ ಎಲ್ಲ ಕಾಲದಲ್ಲೂ ಮರಿ ಹಾಕಬಲ್ಲದು, ಆದರೆ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಮತ್ತು ಮಳೆಗಾಲದ ನಂತರ ಮರಿಗಳು ಹೆಚ್ಚು ಕಾಣುತ್ತವೆ ಎಂದು ನಿಸರ್ಗ ವೀಕ್ಷಕರು ಬಹಳ ಹಿಂದೆಯೇ ಬರೆದಿದ್ದಾರೆ. ಗಡಿಯಾರದ ಮುಳ್ಳು ಇಲ್ಲಿ ಸೂರ್ಯನಿಗಿಂತ ಮಳೆಯ ಕಡೆಗೆ ತಿರುಗಿದೆ.

ಸೆಕೆ, ಕೆಸರು ಮತ್ತು ಆವಿ

ಹಂದಿಯ ದೇಹದ ಉಷ್ಣತೆ ಸುಮಾರು 39 ಡಿಗ್ರಿ ಸೆಲ್ಸಿಯಸ್. ಆದರೆ ನಮ್ಮಂತೆ ಬೆವರಿ ತಂಪಾಗಲು ಅದಕ್ಕೆ ಬರುವುದಿಲ್ಲ. ಅದರ ಬೆವರು ಗ್ರಂಥಿಗಳು ಆ ಕೆಲಸಕ್ಕೆ ಒದಗುವುದಿಲ್ಲ. ಗಾಳಿಯ ಉಷ್ಣತೆ 25 ಡಿಗ್ರಿ ದಾಟಿದರೆ ದೊಡ್ಡ ಹಂದಿಗೆ ಕಷ್ಟ ಶುರುವಾಗುತ್ತದೆ. ಏಪ್ರಿಲ್ ತಿಂಗಳ ಹಳಿಯಾಳ, ಮುಂಡಗೋಡಗಳಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುವುದು ಸಾಮಾನ್ಯ.

ಇದಕ್ಕೆ ಹಂದಿ ಕಂಡುಕೊಂಡ ಉಪಾಯವೇ ಕೆಸರು. ಕೊಳಕು ಎಂದು ನಾವು ಮೂಗು ಮುರಿಯುವ ಈ ಅಭ್ಯಾಸದ ಹಿಂದಿನ ಲೆಕ್ಕ ನೋಡಿ. 40 ಕಿಲೋಗ್ರಾಂ ತೂಕದ ಹಂದಿಯ ದೇಹದಲ್ಲಿ ಉತ್ಪತ್ತಿಯಾಗುವ ಉಷ್ಣ ಸುಮಾರು 100 ವ್ಯಾಟ್, ಅಂದರೆ ಒಂದು ಹಳೆಯ ಕಾಲದ ಬುರುಡೆ ದೀಪದಷ್ಟು. ಗಂಟೆಗೆ 3.6 ಲಕ್ಷ ಜೂಲ್. ಒಂದು ಗ್ರಾಂ ನೀರು ಚರ್ಮದ ಮೇಲಿಂದ ಆವಿಯಾಗಲು ಸುಮಾರು 2400 ಜೂಲ್ ಬೇಕು. ಭಾಗಿಸಿದರೆ ಗಂಟೆಗೆ 150 ಗ್ರಾಂ. ಒಂದು ಲೋಟದಷ್ಟು ನೀರು ಮೈಮೇಲಿಂದ ಆವಿಯಾದರೆ ಹಂದಿ ಉತ್ಪಾದಿಸಿದ ಉಷ್ಣವೆಲ್ಲ ಹೊರಹೋಯಿತು! ಬರಿ ನೀರು ಸುರಿದರೆ ಬಹುಪಾಲು ಹರಿದು ಹೋಗಿ ಉಳಿದದ್ದು ಬೇಗ ಆರುತ್ತದೆ. ಕೆಸರು ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ನಮ್ಮ ಮಣ್ಣಿನ ಹೂಜಿಯ ತತ್ತ್ವವೇ ಇದು.

ಆದ್ದರಿಂದ ಹಂದಿಗೆ ಯಾವ ದಿನ ಕಷ್ಟದ್ದು ಎಂಬುದನ್ನು ಉಷ್ಣತಾಮಾಪಕ ಒಂದರಿಂದಲೇ ಹೇಳಲಾಗದು. ಏಪ್ರಿಲ್‌ನ 36 ಡಿಗ್ರಿಯ ಒಣ ಗಾಳಿಯಲ್ಲಿ ಒದ್ದೆ ಮೈಯಿಂದ ಆವಿ ಚುರುಕಾಗಿ ಏಳುತ್ತದೆ. ಹಳ್ಳದಲ್ಲಿ ಕೆಸರು ಉಳಿದಿದ್ದರೆ ಹಂದಿ ಬದುಕಿಕೊಳ್ಳುತ್ತದೆ. ಜುಲೈಯಲ್ಲಿ ಗಾಳಿಯ ಆರ್ದ್ರತೆ ಶೇಕಡಾ 90 ಇದ್ದರೂ ಉಷ್ಣತೆ 27 ಡಿಗ್ರಿಯ ಆಸುಪಾಸು. ಮೈಗಿಂತ ಗಾಳಿ ತಂಪಾಗಿರುವುದರಿಂದ ಉಷ್ಣ ತಾನಾಗಿ ಹರಿದು ಹೋಗುತ್ತದೆ. ಎರಡೂ ಬಾಗಿಲು ಮುಚ್ಚುವುದು ಮೇ ತಿಂಗಳ ಕೊನೆಯಲ್ಲಿ, ಮುಂಗಾರಿಗೆ ಮುನ್ನ. ಗಾಳಿ ಮೈಯಷ್ಟೇ ಬಿಸಿ, ಮೇಲಾಗಿ ತೇವ, ಹಳ್ಳಗಳು ಬತ್ತಿರುತ್ತವೆ. ಊರಹಂದಿಯ ವರ್ಷದಲ್ಲಿ ಅತಿ ಕಠಿಣ ಅವಧಿ ಇದೇ ಎಂದು ಭೌತಶಾಸ್ತ್ರದಿಂದ ಊಹಿಸಬಹುದು.

ಇನ್ನು ಕಪ್ಪು ಮೈ. ಅದು ಬಿಸಿಲನ್ನು ಹೆಚ್ಚು ಹೀರುತ್ತದೆ, ನಿಜ. ಜತೆಗೆ ಅತಿನೇರಳೆ ಕಿರಣಗಳಿಂದ ಚರ್ಮವನ್ನು ಕಾಯುತ್ತದೆ. ಬಿಳಿ ಯಾರ್ಕ್‌ಷೈರ್ ಹಂದಿಯ ಚರ್ಮ ನಮ್ಮ ಬಿಸಿಲಿಗೆ ಸುಟ್ಟು ಕೆಂಪಾಗುತ್ತದೆ. ನೆರಳೊಂದು ಸಿಕ್ಕರೆ ಕಪ್ಪು ಮೈಯ ನಷ್ಟ ಉಳಿಯುವುದಿಲ್ಲ, ಲಾಭ ಉಳಿಯುತ್ತದೆ.

ಹೊಟ್ಟೆಯಿಂದ ಅಂಡಾಶಯಕ್ಕೆ

ಸೆಕೆ ಅಂಡಾಶಯವನ್ನು ಮುಟ್ಟುವುದು ಬಹಳಮಟ್ಟಿಗೆ ಹೊಟ್ಟೆಯ ಮೂಲಕ. ಜೀರ್ಣಕ್ರಿಯೆಯೇ ಉಷ್ಣ ಹುಟ್ಟಿಸುವ ಕೆಲಸವಾದ್ದರಿಂದ ಸೆಕೆಗೆ ಸಿಕ್ಕ ಹಂದಿ ಮೊದಲು ತಿನ್ನುವುದನ್ನು ಕಡಿಮೆ ಮಾಡುತ್ತದೆ. ಆಹಾರ ತಗ್ಗಿದರೆ ರಕ್ತದಲ್ಲಿ ಇನ್ಸುಲಿನ್ ಮತ್ತು ಅದಕ್ಕೆ ಹೋಲುವ ಐಜಿಎಫ್-1 ತಗ್ಗುತ್ತವೆ. ಮಿದುಳು ಇದನ್ನು ‘ಮರಿ ಸಾಕುವ ಕಾಲವಲ್ಲ’ ಎಂದು ಅರ್ಥ ಮಾಡಿಕೊಂಡು ಎಲ್‌ಎಚ್ ಮಿಡಿತವನ್ನು ವಿರಳಗೊಳಿಸುತ್ತದೆ. 5 ಮಿಲಿಮೀಟರ್ ದಾಟಬೇಕಾಗಿದ್ದ ಕೋಶಿಕೆಗಳು ಅಲ್ಲೇ ನಿಂತು ನಶಿಸುತ್ತವೆ. ಬೆದೆ ತಡವಾಗುತ್ತದೆ, ಅಥವಾ ಬೆದೆ ಬಂದರೂ ಅಂಡಾಣುಗಳು ಕಡಿಮೆ ಬೀಳುತ್ತವೆ. ತೀವ್ರ ಉಷ್ಣ ನೇರವಾಗಿ ಅಂಡಾಣುವನ್ನೂ ಕೆಡಿಸಬಲ್ಲದು.

ಇದರ ತಿರುವು ಮುರುವನ್ನು ಹಂದಿ ಸಾಕಣೆಯವರು ಬಳಸಿಕೊಳ್ಳುತ್ತಾರೆ. ಕೂಡಿಸುವ ಹತ್ತು ಹದಿನಾಲ್ಕು ದಿನ ಮೊದಲಿನಿಂದ ಎಳೆಯ ಹೆಣ್ಣು ಹಂದಿಗೆ ಹೆಚ್ಚು ಆಹಾರ ಕೊಟ್ಟರೆ ಬೀಳುವ ಅಂಡಾಣುಗಳ ಸಂಖ್ಯೆ ಏರುತ್ತದೆ.

ಬಿಟ್ಟು ಮೇಯಿಸುವ ಊರಹಂದಿಗೆ ಆಹಾರವೂ ಋತುವಿನ ಕೈಯಲ್ಲೇ ಇದೆ. ಮೇ, ಜೂನ್‌ನಲ್ಲಿ ಬಿದ್ದ ಹಲಸು. ಮಳೆ ಹಿಡಿದ ಮೇಲೆ ಮೆತ್ತಗಾದ ನೆಲದಲ್ಲಿ ಗೆಡ್ಡೆ, ಎರೆಹುಳು. ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲಿ ಉದುರಿದ ಕಾಳು, ಮನೆಯಲ್ಲಿ ತೌಡು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೆಲ ಕಲ್ಲಾದಾಗ ಅಗೆಯಲೂ ಆಗದು.

ಏಳು ತಿಂಗಳ ಹಿಂದಿನ ಹವೆ

ಈಗ ಎರಡು ಸಂಖ್ಯೆಗಳನ್ನು ಕೂಡಿಸೋಣ. ಕೋಶಿಕೆ ಬೆಳೆಯಲು ಸುಮಾರು 100 ದಿನ. ಗರ್ಭಧಾರಣೆಯ ಅವಧಿ 114 ದಿನ, ಅಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನ. ಒಟ್ಟು 214 ದಿನ, ಸುಮಾರು ಏಳು ತಿಂಗಳು.

ಅಕ್ಟೋಬರ್ 10ರಂದು ಹಂದಿಯೊಂದು ನಾಲ್ಕೇ ಮರಿ ಹಾಕಿತೆನ್ನಿ. ಮನೆಯವರು ಆ ವಾರದ ಮಳೆಯನ್ನೋ ಮೇವನ್ನೋ ಶಪಿಸಬಹುದು. ಆದರೆ ಅದು ಬೆದೆಗೆ ಬಂದು ಕೂಡಿದ್ದು ಜೂನ್ 18ರ ಸುಮಾರಿಗೆ. ಆ ದಿನ ಹೊರಬಿದ್ದ ಅಂಡಾಣುಗಳ ಕೋಶಿಕೆಗಳು ನಿದ್ದೆಯಿಂದೆದ್ದದ್ದು ಮಾರ್ಚ್ 10ರ ಆಸುಪಾಸಿನಲ್ಲಿ. ಮಾರ್ಚ್, ಏಪ್ರಿಲ್, ಮೇ ತಿಂಗಳ ಪೂರ್ತಿ ಸೆಕೆಯನ್ನು ಅವು ಉಂಡಿವೆ. ಕೂಡಿದ ದಿನ ತಂಪಾಗಿ ಮಳೆ ಸುರಿಯುತ್ತಿದ್ದರೂ ಒಳಗಿನ ಲೆಕ್ಕ ಬೇಸಿಗೆಯದೇ.

ಬದಲಿಗೆ ಡಿಸೆಂಬರ್ 20ರಂದು ಕೂಡಿದ ಹಂದಿಯನ್ನು ನೋಡಿ. ಅದರ ಕೋಶಿಕೆಗಳ ಪಯಣ ಸೆಪ್ಟೆಂಬರ್ 11ರ ಸುಮಾರಿಗೆ ಶುರುವಾಗಿ ಹಿತವಾದ ಹವೆಯಲ್ಲಿ, ಕೊಯ್ಲಿನ ಮೇವಿನ ನಡುವೆ ಮುಗಿದಿದೆ. ಅಂಡಾಣುಗಳ ದೃಷ್ಟಿಯಿಂದ ಇದು ಒಳ್ಳೆಯ ಕಾಲ. ಆದರೆ ಮರಿ ಹುಟ್ಟುವುದು ಏಪ್ರಿಲ್ 13ಕ್ಕೆ. 32ರಿಂದ 34 ಡಿಗ್ರಿ ಬಯಸುವ ಎಳೆಮರಿಗಳಿಗೆ ಆ ಬಿಸಿ ಹಿತ. ಹಾಲೂಡುವ ತಾಯಿಗೆ ಅದೇ ಬಿಸಿ ಕಂಟಕ. ಅದು ತಿನ್ನುವುದನ್ನು ಕಡಿಮೆ ಮಾಡಿ ಸೊರಗಿ ಮುಂದಿನ ಬೆದೆಗೆ ತಡ ಮಾಡುತ್ತದೆ. ಹೀಗೆ ಒಂದು ಸೂಲಿನ ಋತು ಮುಂದಿನ ಸೂಲಿನ ಮೇಲೂ ನೆರಳು ಚೆಲ್ಲುತ್ತದೆ.

ದೂರದ ನಕ್ಷತ್ರವನ್ನು ನೋಡುವಾಗ ನಮಗೆ ಕಾಣುವುದು ಅದರ ಹಿಂದಿನ ಸ್ಥಿತಿ. ಹಂದಿಯ ಸೂಲೂ ಅಂಥದೇ. ಇಂದಿನ ಮರಿಗಳನ್ನು ಇಂದಿನ ಹವೆಯ ಪಕ್ಕದಲ್ಲಿಟ್ಟು ನೋಡಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ನಾಲ್ಕು ತಾಲ್ಲೂಕುಗಳ ಪ್ರಯೋಗಶಾಲೆ

ಬೆಳಕು, ಉಷ್ಣ, ಆಹಾರ ಮೂರೂ ಒಟ್ಟಿಗೇ ಬದಲಾಗುವುದರಿಂದ ಅವುಗಳ ಪ್ರಭಾವವನ್ನು ಬೇರ್ಪಡಿಸುವುದು ಕಷ್ಟ. ಭೌತಶಾಸ್ತ್ರದ ಪ್ರಯೋಗದಲ್ಲಿ ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸುತ್ತೇವೆ. ಹೊಲ, ಕಾಡುಗಳಲ್ಲಿ ಹಾಗೆ ಮಾಡುವುದು ಹೇಗೆ? ಇಲ್ಲಿಯೇ ಈ ನಾಲ್ಕು ತಾಲ್ಲೂಕುಗಳ ಮಹತ್ವವಿದೆ.

ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ನಾಲ್ಕೂ 15 ಡಿಗ್ರಿ ಅಕ್ಷಾಂಶದ ಅಕ್ಕಪಕ್ಕದಲ್ಲಿವೆ. ವರ್ಷದ ಯಾವುದೇ ದಿನ ಅವುಗಳ ಹಗಲಿನ ಅವಧಿಯಲ್ಲಿ ಒಂದೂವರೆ ನಿಮಿಷದ ವ್ಯತ್ಯಾಸವೂ ಇಲ್ಲ. ಬೆಳಕು ಸ್ಥಿರ. ಆದರೆ ಜೊಯಿಡಾದಿಂದ ಮುಂಡಗೋಡಕ್ಕೆ ನೇರ ಅಳತೆಯಲ್ಲಿ 60 ಕಿಲೋಮೀಟರ್ ಹೋಗುವಷ್ಟರಲ್ಲಿ ಭೂಮಿಯೇ ಬೇರೆಯಾಗುತ್ತದೆ. ಜೊಯಿಡಾ ಸಹ್ಯಾದ್ರಿಯ ನೆತ್ತಿಯ ದಟ್ಟ ಕಾಡುಸೀಮೆ. ವಾರ್ಷಿಕ ಮಳೆ 2000 ಮಿಲಿಮೀಟರ್ ಮೀರುತ್ತದೆ. ಕಾಳಿ ನದಿ, ಅದರ ಉಪನದಿಗಳು, ಸೂಪಾ ಜಲಾಶಯದ ಹಿನ್ನೀರು ಇಲ್ಲಿವೆ. ಹಳಿಯಾಳ ಮತ್ತು ಮುಂಡಗೋಡ ಪೂರ್ವದ ಬಯಲುಸೀಮೆಗೆ ಹೊಂದಿಕೊಂಡಿವೆ. ಮಳೆ ಅದರ ಅರ್ಧದಷ್ಟು, ಬೇಸಿಗೆ ಹೆಚ್ಚು ಒಣ. ದಾಂಡೇಲಿ ಇವೆರಡರ ನಡುವೆ.

ಹಾಗಾಗಿ ಮೂರು ಊಹೆಗಳು ಮೂರು ಬೇರೆ ಫಲಿತಾಂಶಗಳನ್ನು ಹೇಳುತ್ತವೆ.

1. ಬೆಳಕೇ ಮುಖ್ಯ ಕಾರಣವಾದರೆ ನಾಲ್ಕೂ ಕಡೆ ಕೋಶಿಕೆಗಳ ಏರಿಳಿತ ಒಂದೇ ತಿಂಗಳಲ್ಲಿ, ಒಂದೇ ಪ್ರಮಾಣದಲ್ಲಿ ಕಾಣಬೇಕು.

2. ಉಷ್ಣ ಮುಖ್ಯವಾದರೆ ಬೇಸಿಗೆಯ ಇಳಿತ ಹಳಿಯಾಳ, ಮುಂಡಗೋಡಗಳಲ್ಲಿ ಆಳವಾಗಿಯೂ ನೆರಳು ನೀರು ಇರುವ ಜೊಯಿಡಾದಲ್ಲಿ ಕಡಿಮೆಯಾಗಿಯೂ ಇರಬೇಕು. ದೊಡ್ಡ ಕೋಶಿಕೆಗಳ ಇಳಿತ ಮೊದಲು, ಸಣ್ಣ ಕೋಶಿಕೆಗಳ ಮೇಲಾದ ಹಾನಿಯ ಪರಿಣಾಮ ಎರಡು ಮೂರು ತಿಂಗಳು ತಡವಾಗಿ ತೋರಬೇಕು.

3. ಆಹಾರ ಮುಖ್ಯವಾದರೆ ಏರಿಳಿತ ತಾಲ್ಲೂಕಿಗಿಂತ ಮನೆಯನ್ನು ಅನುಸರಿಸಬೇಕು. ತೌಡು, ಮುಸುರೆ ವರ್ಷವಿಡೀ ಸಿಗುವ ಮನೆಯ ಹಂದಿಯಲ್ಲಿ ಇಳಿತ ಇರಬಾರದು ಅಥವಾ ತೀರ ಸಣ್ಣದಿರಬೇಕು.

ಎಣಿಕೆಯ ಕಷ್ಟ

ಮರಿಗಳನ್ನು ಎಣಿಸಿದರೆ ಸಾಲದೆ, ಕೋಶಿಕೆಗಳನ್ನೇ ಏಕೆ ಎಣಿಸಬೇಕು? ಮರಿಗಳ ಸಂಖ್ಯೆಯಲ್ಲಿ ಗಂಡಿನ ಪಾಲೂ ಇದೆ. ಸೆಕೆಗೆ ಗಂಡು ಹಂದಿಯ ವೀರ್ಯವೂ ಕೆಡುತ್ತದೆ. ವೀರ್ಯಾಣು ತಯಾರಾಗಿ ಹೊರಬರಲು ಆರು ವಾರ ಬೇಕಾದ್ದರಿಂದ ಆ ದೋಷವೂ ತಡವಾಗಿಯೇ ಗೋಚರಿಸುತ್ತದೆ. ಹೆಣ್ಣಿನ ಪಾಲನ್ನು ಪ್ರತ್ಯೇಕವಾಗಿ ತಿಳಿಯಲು ಅಂಡಾಶಯವನ್ನೇ ನೋಡಬೇಕು.

ಮಾಂಸಕ್ಕೆಂದು ಕಡಿದ ಹಂದಿಯ ಅಂಡಾಶಯವನ್ನು ಫಾರ್ಮಲಿನ್ ಅಥವಾ ಬುವಾನ್ ದ್ರಾವಣದಲ್ಲಿ ಕೆಡದಂತಿಟ್ಟು, ಮೇಣದಲ್ಲಿ ಹುದುಗಿಸಿ, ಸುಮಾರು 6 ಮೈಕ್ರೊಮೀಟರ್ ದಪ್ಪದ ಹಾಳೆಗಳಾಗಿ ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಇಲ್ಲೊಂದು ಜ್ಯಾಮಿತಿಯ ಬಲೆ ಇದೆ. 0.04 ಮಿಲಿಮೀಟರ್ ವ್ಯಾಸದ ಆದಿಕೋಶಿಕೆ ಏಳೆಂಟು ಹಾಳೆಗಳಲ್ಲಿ ಕಾಣಿಸಿಕೊಳ್ಳುತ್ತದೆ. 2 ಮಿಲಿಮೀಟರಿನ ಕೋಶಿಕೆ 330ಕ್ಕೂ ಹೆಚ್ಚು ಹಾಳೆಗಳಲ್ಲಿ! ಕಂಡದ್ದನ್ನೆಲ್ಲ ಎಣಿಸುತ್ತ ಹೋದರೆ ದೊಡ್ಡ ಕೋಶಿಕೆಗಳು ಸಣ್ಣವುಗಳಿಗೆ ಹೋಲಿಸಿದಾಗ ನಲವತ್ತು ಪಟ್ಟು ಹೆಚ್ಚಾಗಿ ತೋರುತ್ತವೆ. ಅದಕ್ಕೇ ಅಂಡಾಣುವಿನ ಕೋಶಕೇಂದ್ರ ಕಂಡ ಹಾಳೆಯಲ್ಲಿ ಮಾತ್ರ ಎಣಿಸಿ, ಹಾಳೆಯ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಂಡು ತಿದ್ದುಪಡಿ ಮಾಡುತ್ತಾರೆ. 1946ರಲ್ಲಿ ಅಬರ್‌ಕ್ರಾಂಬಿ ನೀಡಿದ ಸೂತ್ರ ಇಂಥ ತಿದ್ದುಪಡಿಗಳಲ್ಲಿ ಹೆಸರಾದದ್ದು.

ಇನ್ನೂ ಎರಡು ಎಚ್ಚರಿಕೆಗಳಿವೆ. ಬೆದೆಚಕ್ರದ 3ನೆಯ ದಿನದ ಅಂಡಾಶಯವನ್ನು 19ನೆಯ ದಿನದ್ದರೊಡನೆ ಹೋಲಿಸಿದರೆ ಕಾಣುವುದು ಚಕ್ರದ ವ್ಯತ್ಯಾಸವೇ ಹೊರತು ಋತುವಿನದಲ್ಲ. ಹಳದಿಕಾಯದ ಸ್ಥಿತಿ ನೋಡಿ ದಿನವನ್ನು ಅಂದಾಜಿಸಿ, ಸಮಾನ ಹಂತದವನ್ನೇ ಜತೆಗಿಡಬೇಕು. ಹಬ್ಬದ ಕಾಲದಲ್ಲಿ ಕಡಿಯುವ ಹಂದಿಗಳ ವಯಸ್ಸು, ತೂಕ ಉಳಿದ ಕಾಲಕ್ಕಿಂತ ಬೇರೆ ಇರಬಹುದು. ಆ ಬಗ್ಗೆಯೂ ಗಮನ ಬೇಕು.

ಜೀವಂತ ಹಂದಿಯಲ್ಲಿ ನೋಡಲು ಶ್ರವಣಾತೀತ ಧ್ವನಿಯ ಯಂತ್ರವಿದೆ. 7.5 ಮೆಗಾಹರ್ಟ್ಸ್ ತರಂಗದ ಉದ್ದ ದೇಹದಲ್ಲಿ ಸುಮಾರು 0.2 ಮಿಲಿಮೀಟರ್. ಅದರಿಂದ ದ್ರವ ತುಂಬಿದ 2–3 ಮಿಲಿಮೀಟರಿನ ಕೋಶಿಕೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ತರಂಗದ ಉದ್ದಕ್ಕಿಂತ ಚಿಕ್ಕದಾದ ಆದಿಕೋಶಿಕೆ ಕಾಣದು. ಆರಂಭದ ಹಂತಗಳಿಗೆ ಇಂದಿಗೂ ಸೂಕ್ಷ್ಮದರ್ಶಕವೇ ಗತಿ.

ದೊಡ್ಡಿಗೆ ಬಂದ ಹಂದಿ

2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಆಫ್ರಿಕನ್ ಹಂದಿಜ್ವರ ಭಾರತದೊಳಗೆ ಮೊದಲ ಬಾರಿ ಕಾಣಿಸಿತು. 2022ರ ಜುಲೈ ವೇಳೆಗೆ ಅದು ಕೇರಳದ ವಯನಾಡನ್ನು ಮುಟ್ಟಿತ್ತು. ಮನುಷ್ಯರಿಗೆ ತಗಲದ, ಆದರೆ ಹಂದಿಗಳನ್ನು ಹಿಂಡುಹಿಂಡಾಗಿ ಕೊಲ್ಲುವ ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡುಹಂದಿಗಳು ಊರಹಂದಿಗಳ ನೆರೆಹೊರೆಯಲ್ಲೇ ಇರುವ ಸೀಮೆಯಿದು. ಹಂದಿಗಳನ್ನು ತಿರುಗಲು ಬಿಡದೆ ದೊಡ್ಡಿಯಲ್ಲಿ ಕಟ್ಟಿ ಸಾಕಿರಿ, ಮುಸುರೆಯನ್ನು ಚೆನ್ನಾಗಿ ಕುದಿಸಿ ಕೊಡಿರಿ ಎಂಬ ಸಲಹೆ ಸರಿಯಾದದ್ದೇ.

ಆದರೆ ಕಟ್ಟಿ ಸಾಕಿದಾಗ ಆಗುವುದೇನು? ಬಿಸಿಲೇರಿದಾಗ ನೆರಳಿಗೆ, ಹಳ್ಳದ ಕೆಸರಿಗೆ ಹೋಗುವ ಸ್ವಾತಂತ್ರ್ಯ ಹಂದಿಗಿಲ್ಲ. ಇದುವರೆಗೆ ತಾನೇ ನೋಡಿಕೊಳ್ಳುತ್ತಿದ್ದ ಉಷ್ಣದ ಲೆಕ್ಕವನ್ನು ಈಗ ಸಾಕುವವರು ನೋಡಬೇಕು. ಸಿಮೆಂಟ್ ಶೀಟಿನ ಮಾಡು ಬಿಸಿಲಿಗೆ 60 ಡಿಗ್ರಿ ಕಾದರೆ, 35 ಡಿಗ್ರಿಯ ಮಾಡಿಗಿಂತ ಚದರ ಮೀಟರಿಗೆ ಸುಮಾರು 180 ವ್ಯಾಟ್ ಹೆಚ್ಚು ಉಷ್ಣವನ್ನು ಕೆಳಕ್ಕೆ ವಿಕಿರಣ ಮಾಡುತ್ತದೆ. ಹಂದಿಯ ಸ್ವಂತ ಉಷ್ಣ 100 ವ್ಯಾಟ್ ಎಂಬುದನ್ನು ನೆನಪಿಸಿಕೊಳ್ಳಿ. ಹೀಗೆ ದೊಡ್ಡಿ ಸೇರಿದ ಊರಹಂದಿ ಮರಿ ಕಡಿಮೆ ಹಾಕಿದರೆ ಅದಕ್ಕೆ ತಳಿಯನ್ನು ದೂರುವುದು ಅನ್ಯಾಯ. ತಪ್ಪು ತೀರ್ಮಾನದಿಂದ ತಳಿಯನ್ನೇ ಕೈಬಿಟ್ಟರೆ ಅದನ್ನು ಮತ್ತೆ ತರಲಾಗದು.

ಪರಿಹಾರಗಳು ದುಬಾರಿಯಲ್ಲ. ಮಾಡಿನ ಮೇಲೆ ಅಡಿಕೆ ಸೋಗೆ ಅಥವಾ ಹುಲ್ಲಿನ ದಪ್ಪ ಹೊದಿಕೆ, ಗಾಳಿಯಾಡಲು ತೆರೆದ ಎರಡು ಬದಿ, ದೊಡ್ಡಿಯೊಳಗೇ ಆಗಾಗ ನೀರು ಬದಲಿಸುವ ಒಂದು ಚಿಕ್ಕ ಹೊಂಡ, ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಜಾವ ಮತ್ತು ಸಂಜೆ ತಂಪಿನಲ್ಲಿ ಆಹಾರ, ಕೂಡಿಸುವ ಎರಡು ವಾರ ಮೊದಲಿನಿಂದ ಹೆಚ್ಚುವರಿ ತೌಡು. ಇವಿಷ್ಟರಿಂದಲೇ ಬೇಸಿಗೆಯ ಹೊಡೆತವನ್ನು ಬಹುಮಟ್ಟಿಗೆ ತಗ್ಗಿಸಬಹುದು.

ಜತೆಗೆ ಒಂದು ನೋಟುಪುಸ್ತಕ. ಬೆದೆಗೆ ಬಂದ ದಿನ, ಕೂಡಿಸಿದ ದಿನ, ಮರಿ ಹಾಕಿದ ದಿನ ಮತ್ತು ಮರಿಗಳ ಸಂಖ್ಯೆ, ಮೊಲೆ ಬಿಡಿಸಿದ ದಿನ. ಈ ನಾಲ್ಕು ಸಾಲುಗಳ ಪಕ್ಕದಲ್ಲಿ ಆ ದಿನಗಳ ಗರಿಷ್ಠ ಉಷ್ಣತೆ, ಮಳೆ. ನಾಲ್ಕೂ ತಾಲ್ಲೂಕುಗಳ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಹಂದಿ ಸಾಕುವ ಹತ್ತು ಹತ್ತು ಮನೆಗಳಲ್ಲಿ ಎರಡು ವರ್ಷ ಇದನ್ನು ಬರೆದಿಟ್ಟರೆ, ಸೂಕ್ಷ್ಮದರ್ಶಕ ಹಿಡಿದು ಬರುವ ಪ್ರಾಣಿಶಾಸ್ತ್ರಜ್ಞರಿಗೆ ಯಾವ ತಿಂಗಳ ಅಂಡಾಶಯವನ್ನು ಎಲ್ಲಿ ನೋಡಬೇಕೆಂಬುದು ಮೊದಲೇ ತಿಳಿದಿರುತ್ತದೆ. ಸೂಲಿನ ದಿನಾಂಕದಿಂದ 114 ದಿನ ಹಿಂದಕ್ಕೆ, ಅಲ್ಲಿಂದ ಇನ್ನೂ 100 ದಿನ ಹಿಂದಕ್ಕೆ ಹೋಗಿ ಆಗಿನ ಹವೆಯನ್ನು ನೋಡುವುದನ್ನು ಮಾತ್ರ ಮರೆಯಬಾರದು.